ಪಟ್ಟದಾನೆಯ ಬೆಲ್ಲ, ಕೊತ್ವಾಲನ ಬಾಯಿ

ಮತ್ತೆ ಅಡ್ಡ ಬಾಯಿ ಹಾಕಿದಳು! "ಒಂದೂರಲ್ಲಿ ಒಬ್ಬ ರಾಜ" ಅನ್ನುವಷ್ಟರಲ್ಲಿ "ಯಾವೂರು?" ಅಂದಳು ನನ್ನ ಮಗಳು ಮೇದಿನಿ. ತುಂಬಿದ ಸಭೆಯ ಬಾಯಿ ಮುಚ್ಚಿಸಿದ ಜಾಣನ ಕತೆ ಹೇಳಹೊರಟ ನನಗೆ ಇವಳೊಬ್ಬಳ ಬಾಯಿ ಮುಚ್ಚಿಸಲಾಗದು. ನನ್ನ ಓದಂತೂ ಹತ್ತನೇ ಕ್ಲಾಸಿಗೇ ನಿಂತಿತು. ಕತೆಯಾದರೂ ಕೊನೆ ಮುಟ್ಟಲಿ.

"ಯಾವೂರೋ ಒಂದು. ಬಾಯಲ್ಲಿರೋದು ನುಂಗು, ಹೇಳ್ತೀನಿ."

ಆ ರಾಜನ ಪಟ್ಟದಾನೆ ದಿನದಿನಕ್ಕೆ ಸೊರಗುತ್ತಿತ್ತು. ಅದಕ್ಕಿಡುವ ಬೆಲ್ಲವನ್ನು ಯಾರೋ ಕದಿಯುತ್ತಿದ್ದರು. ಕೊತ್ವಾಲ ಮುದ್ದಯ್ಯ, ಅಂದರೆ ಆ ಕಾಲದ ಪೊಲೀಸು, ಗುಟ್ಟಾಗಿ ವಿಚಾರಣೆ ನಡೆಸಿದ್ದ. ಅದೇ ಹೊತ್ತಿಗೆ ರಾಜ ಹೊಸ ಮಂತ್ರಿಯನ್ನು ಆರಿಸಬೇಕಿತ್ತು. ಆಸೆಪಟ್ಟವರು ಇಬ್ಬರು: ಮೆತ್ತಗಿನ ನಂಜರಸ, ಬಾಯಿಬಡುಕ ಕೆಂಚರಸ.

ತುಂಬಿದ ಸಭೆಯಲ್ಲಿ ಕೆಂಚರಸ ಗುಡುಗಿದ: "ಏನಯ್ಯಾ ಕೊತ್ವಾಲ, ಬೆಲ್ಲದ ಕಳವಿನಲ್ಲಿ ಈ ನಂಜರಸನ ವಿಚಾರಣೆ ನಡೆದಿದೆಯೋ ಇಲ್ಲವೋ? ಒಂದೇ ಮಾತು!"

ನಂಜರಸನ ಮುಖ ಬಿಳಿಚಿಕೊಂಡಿತು.

"ಹೌದು ಅಂದರೆ ತಪ್ಪು ಮಾಡದವನೂ ಇವತ್ತೇ ಕಳ್ಳನಾಗುತ್ತಾನೆ, ಸ್ವಾಮಿ" ಅಂದ ಮುದ್ದಯ್ಯ. "ಇಲ್ಲ ಅಂದರೆ, ನಾಳೆ ಇನ್ನೊಬ್ಬರ ಹೆಸರಿಗೆ ನಾನು ಸುಮ್ಮನಿದ್ದಾಗ ಅವರೇ ಕಳ್ಳರು ಅಂತಾರೆ ಜನ."

"ನೋಡಿ ಪ್ರಭು, ಮುಚ್ಚಿಡುತ್ತಿದ್ದಾನೆ!"

ರಾಜನಿಗೆ ಸಿಟ್ಟು ಬಂತು. "ಹೇಳು. ಇಲ್ಲವೇ ಪೇಟ ಕಳಚಿಟ್ಟು ಹೋಗು."

"ಅಪ್ಪಣೆ. ಆದರೆ ಒಬ್ಬರಿಗೊಂದು, ಇನ್ನೊಬ್ಬರಿಗೊಂದು ನ್ಯಾಯ ಬೇಡ. ಯಾರ ಹೆಸರಾದರೂ ಸರಿ, ಸಭೆಯಲ್ಲೇ ಹೇಳಬೇಕೆಂದು ಅಪ್ಪಣೆಯಾಗಲಿ."

"ಆಗಲಿ! ಕದಿಯದವರಿಗೆ ಏನು ಭಯ?" ಕೆಂಚರಸ ಮೀಸೆ ತಿರುವಿದ. ರಾಜ ತಲೆಯಾಡಿಸಿದ.

ಮುದ್ದಯ್ಯ ನೆಲ ನೋಡಿದ. ಇರುವೆಗಳ ಸಾಲೊಂದು ಬಾಗಿಲಿನಿಂದ ಬಂದು, ಮೆಟ್ಟಿಲೇರಿ, ಸಿಂಹಾಸನದ ದಿಂಬಿನಡಿಗೆ ಹೋಗುತ್ತಿತ್ತು. ಹಲ್ಲುನೋವಿಗೆಂದು ವೈದ್ಯರು ಸಿಹಿ ಬಿಡಿಸಿದ್ದ ರಾಜ ಆ ದಿಂಬಿಗೇ ಒರಗಿ ಕೂತಿದ್ದ.

"ಹೆಸರುಗಳನ್ನು ಬಾಗಿಲ ಕಡೆಯಿಂದ ಶುರುಮಾಡಲೋ, ಸಿಂಹಾಸನದ ಕಡೆಯಿಂದಲೋ, ಪ್ರಭು?"

ರಾಜ ಇರುವೆ ನೋಡಿದ. ಕಾಲು ಮೇಲೆತ್ತಿಕೊಂಡ.

"ಸಭೆ ಮುಗಿಯಿತು! ವಿಚಾರಣೆ ಮುಗಿಯುವ ತನಕ ಯಾರ ಹೆಸರೂ ಹೊರಗೆ ಬರಕೂಡದು!"

"ರಾಜನೇ ಕದ್ದಿದ್ದಾ?" ಮೇದಿನಿ ಕಿರುಚಿದಳು.

"ನಾನು ಹೇಳೋಕೆ ಮುಂಚೆ ನೀನೇ ಡಂಗುರ ಹೊಡೆದುಬಿಡು" ಅಂದೆ. ಇಡೀ ಕತೆಯಲ್ಲಿ ಇದ್ದದ್ದೇ ಒಂದು ಗುಟ್ಟು, ಅದನ್ನೂ ನನ್ನ ಕೈಯಲ್ಲಿ ಉಳಿಸಿಕೊಳ್ಳಲಾಗಲಿಲ್ಲ.

ಎಲ್ಲರೂ ಹೋದಮೇಲೆ ರಾಜ ಪಿಸುಗುಟ್ಟಿದ: "ಮುದ್ದಯ್ಯ, ಈ ವಿಚಾರಣೆ ಯಾವಾಗಪ್ಪಾ ಮುಗಿಯುತ್ತೆ?"

"ಅದನ್ನು ಆನೆಯೇ ಹೇಳಬೇಕು, ಪ್ರಭು. ಅದು ಮೈ ತುಂಬಿಕೊಂಡರೆ ಕಳವೂ ಇಲ್ಲ, ವಿಚಾರಣೆಯೂ ಇಲ್ಲ. ಇನ್ನೂ ಸೊರಗಿದರೆ ವಿಚಾರಣೆ ಮುಗಿದಂತೆಯೇ, ಹೆಸರು ಹೇಳಲೇಬೇಕಾಗುತ್ತೆ."

ರಾಜ ಹಲ್ಲುನೋವು ಮರೆತು ನಕ್ಕ. ತನ್ನ ಉಂಗುರ ತೆಗೆದು ಕೊತ್ವಾಲನಿಗೆ ತೊಡಿಸಿದ. ದಿಂಬಿನಡಿಯ ಬೆಲ್ಲದಚ್ಚನ್ನು ಆನೆಗೆ ಕಳಿಸಿದ.

"ಹೇಗೆ ಕೊತ್ವಾಲನ ಜಾಣತನ?" ಅಂದೆ, ನಾನೇ ಉಂಗುರ ಗೆದ್ದವಳ ಹಾಗೆ.

"ನಂಜರಸ ಮಂತ್ರಿ ಆದನಾ?"

"ಎಲ್ಲಿ ಆಗ್ತಾನೆ? ಊರವರು ಅವತ್ತೇ ಅವನಿಗೆ ಬೆಲ್ಲದ ನಂಜರಸ ಅಂತ ಹೆಸರಿಟ್ಟಿದ್ದರು" ಅಂದುಬಿಟ್ಟೆ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಮೇದಿನಿ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಅವನು ಕದ್ದಿಲ್ಲ ಅಂತ ಕೊತ್ವಾಲನಿಗೆ ಗೊತ್ತಿತ್ತಲ್ಲ. ಮತ್ತೆ ಯಾಕಮ್ಮ ಹೇಳಲಿಲ್ಲ?"