ಕಂಬಳಿಯ ಮೇಲೊಂದು ಅಕ್ಷರ

ಹೊಳೆದಂಡೆಯ ಆಶ್ರಮದಲ್ಲಿ ಶಾಂತಯ್ಯ ಅಂತ ಒಬ್ಬ ಗುರುಗಳಿದ್ದರು. ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸ ಅವರ ಶಿಷ್ಯ ಮಾದಪ್ಪನದು. ಒಳ್ಳೆಯವನೇ, ಆದರೆ ಅವಸರ ಜಾಸ್ತಿ.

ಒಂದು ಬೆಳಿಗ್ಗೆ ಅವನು ಮುಖ ಸಪ್ಪೆ ಮಾಡಿಕೊಂಡು ಬಂದ.

“ಗುರುಗಳೇ, ಆ ಆರು ವರ್ಷದ ಹೊನ್ನಿಗೆ ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಇನ್ನು ಸಾಕು ಅಂತ ಕರೆದುಕೊಂಡು ಹೋಗಲು ಅವಳ ತಾಯಿ ಬಂದು ಕೂತಿದ್ದಾಳೆ.”

“ಮಗುವಿಗೆ ಕಣ್ಣು ಕಾಣದೇನು?”

“ಕಣ್ಣು ಚೆನ್ನಾಗಿಯೇ ಇದೆಯಂತೆ. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿದೆ ಅಂತ ವೈದ್ಯರು ಹೇಳಿದ್ದಾರೆ. ಒಮ್ಮೆ ನೋಡ್ತಾಳೆ, ಒಮ್ಮೆ ನೋಡೋದೇ ಇಲ್ಲ. ನನಗೇನೋ ಬರೀ ಹಟ ಅನ್ನಿಸುತ್ತೆ.”

“ಹೇಗೆ ಕಲಿಸಿದೆ, ತೋರಿಸು.”

ಮಾದಪ್ಪ ಹೂಬಳ್ಳಿ ಚಿತ್ತಾರದ ಜಮಖಾನ ಹಾಸಿ ಹೊನ್ನಿಯನ್ನು ಕೂರಿಸಿದ. ಅಕ್ಕಿ ಹರಡಿದ ತಟ್ಟೆ ಇಟ್ಟ, ಅದರ ಸುತ್ತ ನಾಲ್ಕು ಬಣ್ಣದ ಹೂ ಜೋಡಿಸಿದ. ಮಗುವಿಗೆ ಚೆಂದ ಕಾಣಲಿ ಅಂತಲೇ ಇಷ್ಟೆಲ್ಲ, ಪಾಪ! ಅಕ್ಕಿಯಲ್ಲಿ ‘ರ’ ಬರೆದು ಶುರುಹಚ್ಚಿದ.

“ನೋಡವ್ವ, ಇಲ್ನೋಡು, ಇಲ್ಲಿ, ಅಲ್ಲಲ್ಲ, ಇಲ್ಲಿ!”

ಹೊನ್ನಿ ಕಣ್ಣು ಮುಚ್ಚಿಕೊಂಡಳು.

“ನೋಡಿದಿರಾ ಗುರುಗಳೇ?”

“ನೋಡಿದೆನಪ್ಪ.”

ಗುರುಗಳು ಎಲ್ಲವನ್ನೂ ತೆಗೆದಿಟ್ಟರು. ತಮ್ಮ ಕರಿ ಕಂಬಳಿ ಹಾಸಿದರು. ಹಳದಿ ಹಗ್ಗದ ತುಂಡನ್ನು ‘ರ’ದ ಹಾಗೆ ಬಾಗಿಸಿಟ್ಟು, ಒಮ್ಮೆ ಅಲುಗಿಸಿ ಸುಮ್ಮನೆ ಕೂತರು.

ಮಾದಪ್ಪ ಬಾಯಿ ತೆರೆದ. ಗುರುಗಳು ಕಣ್ಣಲ್ಲೇ ಗದರಿದರು.

ಬಹಳ ಹೊತ್ತಾಯಿತು. ಹೊನ್ನಿ ಕಣ್ಣು ಬಿಟ್ಟಳು. ಹಗ್ಗವನ್ನು ನೋಡಿ, ಮುಖ ಆಚೆ ತಿರುಗಿಸಿದಳು.

“ಅಯ್ಯೋ, ಹೋಯ್ತು!” ಅಂತ ಮಾದಪ್ಪ ಪಿಸುಗುಟ್ಟಿದ.

ಮುಖ ಆಚೆಗೇ ಇತ್ತು, ಕೈ ಮಾತ್ರ ನೆಟ್ಟಗೆ ಹಗ್ಗದ ಮೇಲೆ ಬಂತು. ಬೆರಳು ಅಕ್ಷರದ ಸುತ್ತ ನಿಧಾನವಾಗಿ ಓಡಾಡಿತು.

“ರ,” ಅಂದರು ಗುರುಗಳು ಮೆಲ್ಲಗೆ.

“ರ!” ಅಂದು ಹೊನ್ನಿ ಕಿಲಕಿಲ ನಕ್ಕಳು.

ಅಲ್ಲೇ ಕೂತು ನೋಡುತ್ತಿದ್ದ ತಾಯಿ ದೇವೀರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಇವಳು ಇಲ್ಲೇ ಕಲೀಲಿ ಬುದ್ಧಿ. ಮನೆಗೆ ಬಂದಾಗ ನಾನೇನು ಮಾಡಲಿ?”

“ಊಟಕ್ಕೆ ದಿನಾ ಅದೇ ತಟ್ಟೆ ಇಡವ್ವ, ಒಂದೇ ಬಣ್ಣದ್ದು. ಸುತ್ತ ಬೇರೇನೂ ಬೇಡ. ನೋಡುವಾಗ ಮಾತಾಡಿಸಬೇಡ. ಕಣ್ಣು ತಂದದ್ದು ಏನು ಅಂತ ತಿಳಿಯೋಕೆ ಅವಳಿಗೆ ಹೊತ್ತು ಹಿಡಿಯುತ್ತೆ.”

ಹೊನ್ನಿ ಉಳಿದಳಲ್ಲ ಅಂತ ಮಾದಪ್ಪನಿಗೆ ಹಿಗ್ಗೋ ಹಿಗ್ಗು. ಅಷ್ಟೇ ನಾಚಿಕೆಯೂ ಆಯಿತು.

“ಹಟ ಅಂದುಬಿಟ್ಟೆ, ತಪ್ಪಾಯ್ತು. ಆದರೆ ಗುರುಗಳೇ, ಪ್ರತಿ ಸಲವೂ ಅವಳಿಗೋಸ್ಕರ ಎಷ್ಟು ಹೊತ್ತು ಕಾಯಬೇಕು?”

“ನೀನು ಸುಮ್ಮನಾಗಲಿ ಅಂತ ಅವಳು ಎಷ್ಟು ದಿನ ಕಾದಳು, ಮಾದಪ್ಪ?”