ಎಣಿಕೆ ತಪ್ಪಿದ ತೊಟ್ಟಿಲು

"ಗುರುಗಳೇ, ಮಠದ ಪಾಠಗಳನ್ನೆಲ್ಲ ಒಂದು ಕಂಪನಿಯ ಸಾಫ್ಟ್‌ವೇರಿಗೆ ಒಪ್ಪಿಸಿದರೆ, ಮಕ್ಕಳು ಒಬ್ಬರ ಬಾಯಿಂದ ಒಬ್ಬರು ಕಲಿಯುವ ಹೊತ್ತು ಉಳಿಯುತ್ತದೆ. ಒಪ್ಪಿಸೋಣವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬಳು ಕಸೂತಿಗಾರ್ತಿ ಇದ್ದಳು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚಬೇಕು. ಒಂದು ಎಳೆ ತಪ್ಪಿದರೂ ಹೋದ ದಾರ ಹೊರಟಲ್ಲಿಗೇ ಮರಳಿ ಬಂದು ಕೂಡುವುದಿಲ್ಲ. ಅದಕ್ಕೇ ಓಣಿಯ ಹೆಂಗಸರೆಲ್ಲ ಒಂದೇ ಕಟ್ಟೆಯ ಮೇಲೆ ಕೂತು ಹೊಲಿಯುತ್ತಿದ್ದರು. ಎಣಿಕೆ ಮರೆತವಳಿಗೆ ಮುದುಕಿ ಫಕೀರವ್ವ ಕೂಗಿ ಹೇಳುತ್ತಿದ್ದಳು. ಜೊತೆಗೆ ಎರಡು ಬೈಗುಳವೂ ಪುಕ್ಕಟೆ ಸಿಗುತ್ತಿತ್ತು.

ಒಬ್ಬ ವ್ಯಾಪಾರಿ ಬಂದ. ಅವನು ಫೋನಿಗೆ ಹಾಕಿಕೊಡುತ್ತಿದ್ದ ಆ್ಯಪ್ ಪ್ರತಿ ಹೊಲಿಗೆಗೂ ಎಣಿಕೆ ಹೇಳುತ್ತಿತ್ತು, ಬೈಯುತ್ತಿರಲಿಲ್ಲ. ಕಸೂತಿಗಾರ್ತಿ ತನಗೆ ಬರುತ್ತಿದ್ದ ಚಿತ್ತಾರಗಳ ಎಣಿಕೆಯನ್ನೂ ಅದಕ್ಕೇ ಒಪ್ಪಿಸಿದಳು.

"ಇನ್ನು ನಿನ್ನ ಬಾಯಿಗೆ ವಿಶ್ರಾಂತಿ ಕೊಡವ್ವಾ" ಎಂದು ಫಕೀರವ್ವನಿಗೆ ಹೇಳಿ, ಮನೆಯೊಳಗೆ ಕೂತು ಹೊಲಿಯತೊಡಗಿದಳು. ಉಳಿದವರೂ ಹಾಗೇ ಮಾಡಿದರು. ಫಕೀರವ್ವ ಕೆಲವು ದಿನ ಕಟ್ಟೆಯ ಮೇಲೆ ಒಬ್ಬಳೇ ಕೂತಳು. ಆಮೇಲೆ ಮಗಳ ಊರಿಗೆ ಹೋಗಿ ಅಲ್ಲೇ ತೀರಿಕೊಂಡಳು.

ವರ್ಷಗಳು ಕಳೆದವು. ಕಸೂತಿಗಾರ್ತಿಯ ಮಗಳು ಬಸುರಾದಳು. ಸೀಮಂತದ ಸೀರೆಗೆ ತೊಟ್ಟಿಲಿನ ಚಿತ್ತಾರವನ್ನು ತಾಯಿಯೇ ಹೊಲಿಯುವುದು ಅವರ ಮನೆತನದ ರೂಢಿ. ತೊಟ್ಟಿಲಿನ ಕಾಲುಗಳಷ್ಟೇ ಮೂಡಿದ್ದವು. ಒಂದು ಬೆಳಗ್ಗೆ ಫೋನು ಎಣಿಕೆ ಹೇಳಲಿಲ್ಲ. ಅವಳು ವ್ಯಾಪಾರಿಯ ಅಂಗಡಿಗೆ ಓಡಿದಳು.

"ಕಂಪನಿ ಹಳೆಯದನ್ನು ನಿಲ್ಲಿಸಿದೆ, ಅಕ್ಕಾ. ಹೊಸದು ಮಷಿನ್ ಹೊಲಿಗೆಗೆ ಮಾತ್ರ" ಎಂದ ಅವನು.

"ನಾನು ಹೇಳಿಕೊಟ್ಟ ಎಣಿಕೆ?"

"ಅದೂ ಹಳೆಯದರ ಜೊತೆಗೇ ಹೋಯಿತು."

ಮನೆಗೆ ಬಂದು ತಾನೇ ಎಣಿಸಿದಳು. ದಾರ ಕೂಡಲಿಲ್ಲ. ಬಿಚ್ಚಿದಳು, ಮತ್ತೆ ಎಣಿಸಿದಳು. ನೋಡಿಕೊಂಡು ಹೊಲಿಯಲು ಹಳೆಯ ಸೀರೆಯೊಂದೂ ಇರಲಿಲ್ಲ, ಹೊಲಿದದ್ದೆಲ್ಲ ಮಾರಿಹೋಗಿತ್ತು. ಎಷ್ಟೋ ವರ್ಷದ ಮೇಲೆ ನೆರೆಮನೆಯ ಬಾಗಿಲು ತಟ್ಟಿದಳು. ಅಲ್ಲಿಯವಳೂ ಅರ್ಧ ಹೊಲಿದ ಗೋಪುರದ ಚಿತ್ತಾರವನ್ನು ಮಡಿಲಲ್ಲಿಟ್ಟುಕೊಂಡು, ಮುಂದಿನ ಎಣಿಕೆ ತಿಳಿಯದೆ ಕೂತಿದ್ದಳು. ಮಗಳು ಅಂಗಡಿಯ ಸೀರೆ ಉಟ್ಟು ಆರತಿಗೆ ಕೂತಳು.

ಕತೆ ಮುಗಿಯಿತು. ಶಿಷ್ಯ, "ಹಾಗಾದರೆ ನಡುವೆ ನಿಲ್ಲಿಸದಂಥ ಕಂಪನಿ ಯಾವುದೆಂದು ವಿಚಾರಿಸಿಕೊಂಡು ಬರಲೇ?" ಎಂದ.

"ಅದು ನಿಂತ ದಿನ ಯಾರನ್ನು ಕೇಳುತ್ತೀ ಎಂಬುದನ್ನು ಮೊದಲು ವಿಚಾರಿಸಿಕೊಂಡು ಬಾ" ಎಂದರು ಗುರುಗಳು.