ಕೈಮೇಲೊಂದು ಕೈ

ಒಂದನೇ ಕ್ಲಾಸಿನ ತುಂಗಾಳ ಚೀಲದಲ್ಲಿ ಒಂದು ಸ್ಲೇಟು, ಒಂದು ಬಳಪ ಇದ್ದವು. ದಿನಾ ಸಂಜೆ ಅಮ್ಮ ಮಗಳ ಕೈಮೇಲೆ ತನ್ನ ಕೈಯಿಟ್ಟು ಕಾಗುಣಿತ ಬರೆಸುತ್ತಿದ್ದಳು. ಮರುದಿನ ಮೇಷ್ಟ್ರು ಅದನ್ನು ನೋಡಿ ಶಹಬ್ಬಾಸ್ ಅನ್ನುತ್ತಿದ್ದರು.

“ನೋಡಿದೆಯಾ, ನನ್ನ ಮೈಮೇಲೆ ಒಂದು ತಪ್ಪೂ ಇಲ್ಲ,” ಎಂದು ಸ್ಲೇಟು ಬೀಗಿತು.

ಬಳಪಕ್ಕೆ ಉರಿದುಹೋಯಿತು. “ನನ್ನನ್ನು ಓಡಿಸಿದ್ದು ಅಮ್ಮನ ಕೈ. ಮಗುವಿನ ಬೆರಳು ಅದರಡಿ ಸುಮ್ಮನೆ ಮಲಗಿತ್ತು. ಮಗುವನ್ನು ಅದರ ಪಾಡಿಗೆ ಬಿಡಲಿ. ತಪ್ಪಲಿ, ಆಮೇಲೆ ತಿದ್ದಿಕೊಳ್ಳಲಿ.”

“ತಪ್ಪಿದರೆ ಹೋಗುವುದು ನನ್ನ ಮರ್ಯಾದೆ. ನೀನು ತೆಪ್ಪಗಿರು,” ಎಂದಿತು ಸ್ಲೇಟು.

ಒಂದು ದಿನ ಮೇಷ್ಟ್ರು ತರಗತಿಯಲ್ಲೇ ಉಕ್ತಲೇಖನ ಕೊಟ್ಟರು. ತುಂಗಾ ಬಳಪವನ್ನು ಸ್ಲೇಟಿನ ಮೇಲೆ ಊರಿ, ಅಮ್ಮನ ಕೈ ಬರಲೆಂದು ಕಾಯುತ್ತಾ ಕೂತಳು. ಅವಳ ಬೆವರಿಗೆ ಬಳಪ ಒದ್ದೆಯಾಯಿತು.

“ಬರಿಯಮ್ಮಾ, ತಪ್ಪಾದರೂ ಬರಿ,” ಎಂದು ಅದು ಗೋಗರೆಯಿತು. ಬೆರಳು ಅಲುಗಲಿಲ್ಲ. ಮೇಷ್ಟ್ರು ಪದಗಳನ್ನು ಹೇಳಿ ಮುಗಿಸಿದಾಗ ಸ್ಲೇಟಿನ ಮೇಲೆ ಇದ್ದದ್ದು ಒಂದೇ ಒಂದು ಚುಕ್ಕೆ.

ಸಂಜೆ ಅದನ್ನು ಕಂಡ ಅಮ್ಮ ಸಿಡಿಮಿಡಿಗೊಂಡಳು. “ಈ ಬಳಪವೇ ಸರಿಯಿಲ್ಲ, ಬರೆಯುವುದೇ ಇಲ್ಲ ಇದು!” ಎಂದು ಅದನ್ನು ಕಿಟಕಿಯಾಚೆ ಎಸೆದಳು. ಹೊಸ ಬಳಪ ತಂದು, ಮಗಳ ಕೈಯನ್ನು ಮೊದಲಿಗಿಂತ ಬಿಗಿಯಾಗಿ ಹಿಡಿದಳು.

ಕಿಟಕಿಯ ಕೆಳಗೆ ಚರಂಡಿಯಲ್ಲಿ ಬಿದ್ದಿದ್ದ ಹಳೆಯ ಬಳಪಕ್ಕೆ ಸ್ಲೇಟಿನ ದನಿ ಕೇಳಿಸಿತು. ಅದು ಹೊಸಬನಿಗೆ ಬುದ್ಧಿ ಹೇಳುತ್ತಿತ್ತು:

“ನೀನಾದರೂ ಗಮನವಿಟ್ಟು ಕಲಿ, ತಮ್ಮಾ. ನಿನ್ನ ಹಿಂದಿನವನಿಗೆ ಅಕ್ಷರವೇ ಬರುತ್ತಿರಲಿಲ್ಲ.”